ರೇಷ್ಮೆ ಸೀಮೆಯಲ್ಲಿ ಗಪ್ಪಿ: ಮರಿ ಮಾಡಿಸುವುದು, ಮರಿ ಉಳಿಸುವುದು

ಗಪ್ಪಿ ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವ ಸಣ್ಣ ಸಿಹಿನೀರಿನ ಮೀನು. ಗಂಡು ಒಂದರಿಂದ ಒಂದೂವರೆ ಅಂಗುಲ, ಹೆಣ್ಣು ಎರಡು ಅಂಗುಲದ ಆಸುಪಾಸು. ವೈಜ್ಞಾನಿಕ ಹೆಸರು ಪೊಯಿಸಿಲಿಯಾ ರೆಟಿಕ್ಯುಲೇಟಾ. ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟವರಲ್ಲಿ ಅನೇಕರು ಮೊದಲು ತರುವುದು ಇದನ್ನೇ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಈ ಮೀನಿಗೆ ಎರಡು ಬಗೆಯ ಬದುಕಿದೆ. ಪೇಟೆಯ ಮನೆಗಳ ಅಕ್ವೇರಿಯಂನಲ್ಲಿ ಅದು ಬಣ್ಣದ ಬಾಲದ ಅಲಂಕಾರದ ಮೀನು. ಆರೋಗ್ಯ ಇಲಾಖೆಯ ಮಾತಿನಲ್ಲಿ ಅದು 'ಲಾರ್ವಾಹಾರಿ ಮೀನು', ಅಂದರೆ ಸೊಳ್ಳೆಮರಿ ತಿನ್ನುವ ಮೀನು. ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು.

ಗಪ್ಪಿಯಿಂದ ಮರಿ ಮಾಡಿಸುವುದಕ್ಕೆ ವಿಶೇಷ ಜಾಣ್ಮೆಯೇನೂ ಬೇಡ. ಒಂದು ಗಂಡು, ಎರಡು ಹೆಣ್ಣು, ಒಂದಿಷ್ಟು ನೀರು ಇದ್ದರೆ ಅದು ತಾನಾಗಿಯೇ ಆಗುತ್ತದೆ. ಹುಟ್ಟಿದ ಮರಿಯನ್ನು ಮೊದಲ ಮೂರು ನಾಲ್ಕು ವಾರ ಉಳಿಸಿಕೊಳ್ಳುವುದೇ ನಿಜವಾದ ಸಾಕಣೆ. ಈ ಸೀಮೆಯ ರೇಷ್ಮೆ ಬೆಳೆಯುವ ಮನೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಎರಡನೇ ಜ್ವರ, ಅಂದರೆ ಎರಡನೇ ಸಲ ಪೊರೆ ಬಿಡುವ ಹಂತ, ಏಳುವವರೆಗೆ ಎಳೆಯ ಚಾಕಿ ಹುಳುವನ್ನು ಬೇರೆಯಾಗಿ, ಎಳೆಯ ಸೊಪ್ಪು ಹಾಕಿ, ಶಾಖ ತಂಪು ನೋಡಿ ಸಾಕಿದರೆ ಮುಂದಿನ ಬೆಳೆ ಗೆದ್ದಂತೆ ಎಂಬುದು ಅವರಿಗೆ ಗೊತ್ತು. ಗಪ್ಪಿ ಮರಿಯ ಲೆಕ್ಕವೂ ಹಾಗೆಯೇ.

ಮೀನು ಬಂದ ದಾರಿ

ಗಪ್ಪಿಯ ಮೂಲ ನೆಲ ವೆನೆಜುವೆಲಾ, ಗಯಾನಾ, ಟ್ರಿನಿಡಾಡ್ ಮತ್ತು ಅವುಗಳ ಸುತ್ತಲಿನ ದಕ್ಷಿಣ ಅಮೆರಿಕದ ಉತ್ತರ ಕರಾವಳಿ. ಜರ್ಮನ್ ವಿಜ್ಞಾನಿ ವಿಲ್ಹೆಲ್ಮ್ ಪೀಟರ್ಸ್ 1859ರಲ್ಲಿ ಇದನ್ನು ಮೊದಲು ವರ್ಣಿಸಿದ. ಟ್ರಿನಿಡಾಡ್‌ನಿಂದ ಮಾದರಿಗಳನ್ನು ಕಳಿಸಿದ ರಾಬರ್ಟ್ ಜಾನ್ ಲೆಚ್ಮಿಯರ್ ಗಪ್ಪಿಯ ಗೌರವಕ್ಕಾಗಿ ಲಂಡನ್ನಿನ ಆಲ್ಬರ್ಟ್ ಗುಂಥರ್ 1866ರಲ್ಲಿ ಇನ್ನೊಂದು ಹೆಸರಿಟ್ಟ. ವಿಜ್ಞಾನದಲ್ಲಿ ಪೀಟರ್ಸನ ಹೆಸರು ನಿಂತಿತು, ಜನರ ಬಾಯಲ್ಲಿ ಗಪ್ಪಿ ಉಳಿಯಿತು.

ಭಾರತಕ್ಕೆ ಈ ಮೀನು 20ನೇ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ಬಂದದ್ದು ಅಂದಕ್ಕಾಗಿ ಅಲ್ಲ, ಮಲೇರಿಯಾ ತಡೆಯುವುದಕ್ಕೆ. ಇದರ ಹತ್ತಿರದ ಬಂಧು ಗ್ಯಾಂಬೂಸಿಯಾ 1928ರಲ್ಲಿ ಇಟಲಿಯಿಂದ ಬಂತು. ಕರ್ನಾಟಕದ ಆರೋಗ್ಯ ಕಾರ್ಯಕರ್ತರು ಇಂದಿಗೂ ಈ ಎರಡನ್ನು ಜೊತೆಗೇ ಹೆಸರಿಸುತ್ತಾರೆ. ಆದರೆ ಎರಡರ ಸ್ವಭಾವ ಒಂದೇ ಅಲ್ಲ. ಗ್ಯಾಂಬೂಸಿಯಾಕ್ಕೆ ತಿಳಿನೀರು ಬೇಕು. ಗಪ್ಪಿ ಕೊಳೆ ನೀರನ್ನೂ, ಆಮ್ಲಜನಕದ ಕೊರತೆಯನ್ನೂ ತಡೆದುಕೊಳ್ಳುತ್ತದೆ. ಬೆಂಗಳೂರಿನ ರಾಜಕಾಲುವೆಗಳಲ್ಲಿ, ಹೆಚ್ಚಿನ ಮೀನುಗಳು ಬದುಕದ ಕಪ್ಪು ನೀರಿನಲ್ಲಿ ಗಪ್ಪಿ ಹಿಂಡು ಹಿಂಡಾಗಿ ಮೇಲ್ಮೈಗೆ ಬಂದು ಉಸಿರಾಡುವುದನ್ನು ಯಾರು ಬೇಕಾದರೂ ನೋಡಬಹುದು.

ಕರ್ನಾಟಕದಲ್ಲಿ ಈ ಮೀನಿನ ಬಗ್ಗೆ ಆದ ಗಂಭೀರ ಕೆಲಸಕ್ಕೆ ರೇಷ್ಮೆಯೊಂದಿಗೆ ನೇರ ನಂಟಿದೆ. ಮಲೇರಿಯಾ ತಡೆಗೆ ಮನೆಯ ಗೋಡೆಗಳಿಗೆ ಕೀಟನಾಶಕ ಸಿಂಪಡಿಸುವುದು ಬಹುಕಾಲದ ಪದ್ಧತಿ. ರೇಷ್ಮೆ ಹುಳು ಇರುವ ಮನೆಗೆ ಸಿಂಪಡಣೆಯವರು ಬಂದರೆ ರೈತರು ಬಾಗಿಲಲ್ಲೇ ತಡೆಯುತ್ತಿದ್ದರು, ಏಕೆಂದರೆ ಸೊಳ್ಳೆ ಸಾಯುವ ಔಷಧಿಗೆ ಹುಳುವೂ ಸಾಯುತ್ತದೆ. ಹೀಗಿರುವಾಗ ಮೀನು ಒಂದು ಗಟ್ಟಿಯಾದ ಪರ್ಯಾಯವಾಗಿ ಕಂಡಿತು. 1990ರ ದಶಕದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಲೇರಿಯಾ ಸಂಶೋಧಕರು ಕೋಲಾರ ಜಿಲ್ಲೆಯ ಕಾಮಸಮುದ್ರ ಭಾಗದ ಹಳ್ಳಿಗಳ ಬಾವಿ, ಕುಂಟೆಗಳಿಗೆ ಗಪ್ಪಿ ಮತ್ತು ಗ್ಯಾಂಬೂಸಿಯಾ ಬಿಟ್ಟು ಮಲೇರಿಯಾ ಇಳಿದದ್ದನ್ನು ದಾಖಲಿಸಿದರು. 2006ರಲ್ಲಿ ಚಿಕೂನ್‌ಗುನ್ಯ ರಾಜ್ಯವನ್ನು ಹಿಂಡಿದಾಗ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮನೆಯೊಳಗಿನ ಸಿಮೆಂಟ್ ತೊಟ್ಟಿಗಳಿಗೆ ಗಪ್ಪಿಯನ್ನೂ, ಕೋಲಾರದ ಒಂದು ಹಳ್ಳಿಯಲ್ಲಿ ಗ್ಯಾಂಬೂಸಿಯಾವನ್ನೂ ಬಿಟ್ಟು ಪರೀಕ್ಷಿಸಲಾಯಿತು.

ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆ ಗೂಡಿನ ಮಾರುಕಟ್ಟೆ ಇರುವ ರಾಮನಗರ ಸೀಮೆಗೂ ಸಿಂಪಡಣೆಯ ಬದಲು ಮೀನು ಎಂಬ ಈ ಮಾತು ಪೂರ್ತಿ ಅನ್ವಯಿಸುತ್ತದೆ. ಇಲ್ಲಿಯ ಹುಳುಮನೆಗಳ ಪಕ್ಕದಲ್ಲಿ ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಸ್ಪ್ರೇ ಹೊಡೆಯುವಂತಿಲ್ಲ. ನೀರಿನ ತೊಟ್ಟಿಯಲ್ಲಿ ನಾಲ್ಕು ಗಪ್ಪಿ ಇದ್ದರೆ ಹುಳುವಿಗೂ ಮನುಷ್ಯರಿಗೂ ತೊಂದರೆಯಿಲ್ಲದೆ ಸೊಳ್ಳೆಮರಿ ಕಡಿಮೆಯಾಗುತ್ತದೆ. ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣ ಕಾರ್ಯಕ್ರಮದ ಮಾರ್ಗಸೂಚಿಯ ಲೆಕ್ಕದಲ್ಲಿ ಒಂದು ಬೆಳೆದ ಗಪ್ಪಿ ದಿನಕ್ಕೆ 80ರಿಂದ 100 ಸೊಳ್ಳೆಮರಿ ತಿನ್ನಬಲ್ಲದು. ಮನೆಯಲ್ಲಿ ಮರಿ ಉಳಿಸಿಕೊಳ್ಳುವ ವಿದ್ಯೆಗೆ ಈ ಊರುಗಳಲ್ಲಿ ಅಲಂಕಾರವನ್ನು ಮೀರಿದ ಬೆಲೆ ಬರುವುದು ಇಲ್ಲಿಯೇ.

ನೀರು

ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಭೂವಿಜ್ಞಾನಿಗಳು ಈ ಭಾಗದ ಬಂಡೆಗೆ ಇಟ್ಟ ಕ್ಲೋಸ್‌ಪೇಟ್ ಗ್ರಾನೈಟ್ ಎಂಬ ಹೆಸರು ಅದರಿಂದಲೇ ಬಂದದ್ದು. ಈ ಗಟ್ಟಿ ಕಲ್ಲಿನ ಸೀಳುಗಳಿಂದ ಬೋರ್‌ವೆಲ್ ಎತ್ತುವ ನೀರು ಅನೇಕ ಕಡೆ ಗಡಸು. ಬೇಳೆ ಬೇಯದ, ಸೋಪು ನೊರೆ ಬಾರದ, ಪಾತ್ರೆಗೆ ಬಿಳಿ ಪೊರೆ ಕಟ್ಟುವ ನೀರು ಎಂದು ಮನೆಯವರು ಬೇಸರಪಡುತ್ತಾರೆ. ಗಪ್ಪಿಗೆ ಬೇಕಾದದ್ದು ಇದೇ. ಪಿಎಚ್ 7ರಿಂದ 8ರ ನಡುವೆ ಇರುವ, ಸುಣ್ಣದಂಶ ಚೆನ್ನಾಗಿರುವ ನೀರಿನಲ್ಲಿ ಅದರ ರೆಕ್ಕೆ ಅಗಲವಾಗಿ ಬೆಳೆಯುತ್ತದೆ, ಮರಿ ಗಟ್ಟಿಯಾಗಿ ಹುಟ್ಟುತ್ತದೆ. ಮೀನಿಗೆ ಒಳ್ಳೆಯದಾಗಲೆಂದು ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತಂದು ಸುರಿಯುವವರಿದ್ದಾರೆ. ಆ ನೀರಿನಲ್ಲಿ ಖನಿಜಗಳನ್ನು ಬಹುಪಾಲು ತೆಗೆದಿರುತ್ತಾರೆ. ಬರೀ ಅದರಲ್ಲಿ ಗಪ್ಪಿ ರೆಕ್ಕೆ ಮಡಚಿಕೊಂಡು, ಒಂದೇ ಜಾಗದಲ್ಲಿ ತೂಗಾಡುತ್ತ ಸೊರಗುತ್ತದೆ.

ಬೋರ್‌ವೆಲ್ ನೀರನ್ನು ಎತ್ತಿದ ಕೂಡಲೇ ತೊಟ್ಟಿಗೆ ಬಿಡಬಾರದು. ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಬಾಯಗಲದ ಪಾತ್ರೆಯಲ್ಲಿ ಒಂದು ದಿನ ಇಟ್ಟರೆ ಸರಿಹೋಗುತ್ತದೆ. ಪೇಟೆಯ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ; ಅದನ್ನೂ 24 ಗಂಟೆ ತೆರೆದಿಡಬೇಕು, ಇಲ್ಲವೇ ಅಕ್ವೇರಿಯಂ ಅಂಗಡಿಗಳಲ್ಲಿ ಹೈಪೋ ಎಂದು ಸಿಗುವ ಸೋಡಿಯಂ ಥಯೋಸಲ್ಫೇಟ್ ಹರಳು ಒಂದೆರಡು ಹಾಕಬೇಕು.

ಗಡಸು ನೀರಿನ ಒಂದು ಅಪಾಯವನ್ನು ಒತ್ತಿ ಹೇಳಬೇಕು. ಮೀನಿನ ಹೊಲಸು, ಉಳಿದ ಆಹಾರ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಪಿಎಚ್ ಕಡಿಮೆಯಿದ್ದರೆ ಅದರ ಬಹುಭಾಗ ಅಷ್ಟೇನೂ ಹಾನಿ ಮಾಡದ ಅಮೋನಿಯಂ ರೂಪದಲ್ಲಿರುತ್ತದೆ. ಪಿಎಚ್ 8ರತ್ತ ಏರಿದಂತೆ ವಿಷಕಾರಿ ಅಮೋನಿಯಾದ ಪಾಲು ಏರುತ್ತದೆ. ಬೆಳೆದ ಗಪ್ಪಿ ತಡೆಯಬಹುದು, ಎಂಟು ದಿನದ ಮರಿ ತಡೆಯದು. ರಾತ್ರಿ ಚೆನ್ನಾಗಿದ್ದ ಮರಿಗಳೆಲ್ಲ ಬೆಳಗಾಗುವುದರೊಳಗೆ ಸತ್ತು ತೇಲುವುದಕ್ಕೆ ಹೆಚ್ಚಿನ ಸಲ ರೋಗ ಕಾರಣವಲ್ಲ, ಹಿಂದಿನ ದಿನ ಪ್ರೀತಿಯಿಂದ ಹಾಕಿದ ಹೆಚ್ಚು ತಿಂಡಿ ಕಾರಣ. ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಹೊಸ ತೊಟ್ಟಿಯ ಸ್ಪಂಜ್ ಫಿಲ್ಟರಿನಲ್ಲಿ ನೆಲೆಯೂರಲು ಮೂರರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಆ ತೊಟ್ಟಿಗೆ ಮರಿ ಬಿಡುವುದು ಬೇಡ.

ತೊಟ್ಟಿ

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ ಸುಮಾರು 56 ಲೀಟರ್ ಹಿಡಿಯುತ್ತದೆ. ಮೂರು ಗಂಡು, ಆರು ಹೆಣ್ಣಿನ ಸಂಸಾರಕ್ಕೆ ಅದು ಸಾಕು. ಗಂಡು ದಿನವಿಡೀ ಹೆಣ್ಣಿನ ಬೆನ್ನು ಹತ್ತುವುದರಿಂದ ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಲೇಬೇಕು. ಇಲ್ಲದಿದ್ದರೆ ಬಸುರಿ ಹೆಣ್ಣಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಮರಿಗಳಿಗೆ ಬೇರೆ ತೊಟ್ಟಿ ಕಡ್ಡಾಯ. ಅದು ಎತ್ತರವಾಗಿರುವುದಕ್ಕಿಂತ ಅಗಲವಾಗಿರುವುದು ಮೇಲು. ನೀರಿನ ಮೇಲ್ಮೈ ಹೆಚ್ಚಿದ್ದಷ್ಟು ಗಾಳಿ ಬೆರೆಯುವುದೂ ಹೆಚ್ಚು, ಕರೆಂಟು ಹೋಗಿ ಏರ್ ಪಂಪ್ ನಿಂತರೂ ಮರಿ ಬದುಕುತ್ತದೆ. ಹಳ್ಳಿಗಳಲ್ಲಿ ಲೋಡ್ ಶೆಡ್ಡಿಂಗ್ ಇರುವಾಗ ಇದು ಸಣ್ಣ ಮಾತಲ್ಲ. ಮರಿತೊಟ್ಟಿಗೆ ಸ್ಪಂಜ್ ಫಿಲ್ಟರ್ ಬಿಟ್ಟು ಬೇರೆ ಯಾವುದನ್ನೂ ಹಾಕಬಾರದು, ಮೋಟಾರಿನ ಫಿಲ್ಟರ್ ಮರಿಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಹಿತ್ತಿಲಿನಲ್ಲಿ ಸಿಮೆಂಟ್ ತೊಟ್ಟಿ ಕಟ್ಟಿಸುವವರು ಮೊದಲು ಅದರ ಸುಣ್ಣದ ಖಾರ ತೆಗೆಯಬೇಕು. ನೀರು ತುಂಬಿ, ಬಾಳೆದಿಂಡು ಕತ್ತರಿಸಿ ಹಾಕಿ ಕೊಳೆಯಲು ಬಿಟ್ಟು, ಆಮೇಲೆ ಉಜ್ಜಿ ತೊಳೆದು ನೀರು ಬದಲಿಸುವುದು ಮೀನು ಸಾಕುವವರ ಹಳೆಯ ಕ್ರಮ. ಎರಡು ಮೂರು ವಾರ ಹಿಡಿದರೂ ಅವಸರ ಮಾಡಬಾರದು. ಹಟ್ಟಿಯಲ್ಲಿ ಬಿಟ್ಟುಹೋದ ಕಲ್ಲಿನ ಬಾನಿ ಇದ್ದರೆ ಅದಕ್ಕಿಂತ ಒಳ್ಳೆಯ ಮರಿತೊಟ್ಟಿ ಇನ್ನೊಂದಿಲ್ಲ: ಬಿಸಿಲಿಗೆ ಬೇಗ ಕಾಯುವುದಿಲ್ಲ, ರಾತ್ರಿ ಬೇಗ ತಣಿಯುವುದಿಲ್ಲ.

ಗಪ್ಪಿಗೆ ಹಿತವಾದ ಶಾಖ 24ರಿಂದ 28 ಡಿಗ್ರಿ ಸೆಲ್ಸಿಯಸ್. ಈ ಸೀಮೆಯಲ್ಲಿ ವರ್ಷದ ಹೆಚ್ಚು ಕಾಲ ಹೀಟರ್ ಇಲ್ಲದೆ ಸಾಗುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ, ಅದರಲ್ಲೂ ಎತ್ತರದ ಮಾಗಡಿ ಕಡೆ, ಸಣ್ಣ ತೊಟ್ಟಿಯ ನೀರು ಬೇಗ ತಣ್ಣಗಾಗಿ ಮರಿಗಳು ಬಿಳಿ ಚುಕ್ಕೆ ರೋಗಕ್ಕೆ ಸಿಗುತ್ತವೆ. ಏಪ್ರಿಲ್‌ನ ಬಿಸಿಲಿನಲ್ಲಿ ತಾರಸಿಯ ಟಬ್ಬು ಕಾದುಹೋಗುತ್ತದೆ, ಹಸಿರು ನೆರಳುಬಲೆ ಕಟ್ಟಬೇಕು.

ಬಸಿರು ಮತ್ತು ಹೆರಿಗೆ

ಗಂಡಿನ ಹೊಟ್ಟೆಯಡಿಯ ರೆಕ್ಕೆ ಕೊಳವೆಯಂತೆ ಉದ್ದವಾಗಿ ಮಾರ್ಪಟ್ಟಿರುತ್ತದೆ. ಅದರಿಂದ ಬೀಜವನ್ನು ಹೆಣ್ಣಿನ ಒಡಲಿಗೆ ದಾಟಿಸುತ್ತದೆ. ಮೊಟ್ಟೆ ಒಳಗೇ ಫಲಿತವಾಗಿ, ಒಳಗೇ ಒಡೆದು, ಈಜಬಲ್ಲ ಮರಿಯಾಗಿ ಹೊರಬರುತ್ತದೆ. ಶಾಖಕ್ಕೆ ತಕ್ಕಂತೆ 21ರಿಂದ 30 ದಿನ ಬಸಿರು. ಚೊಚ್ಚಲ ಹೆಣ್ಣು ಹತ್ತೋ ಹದಿನೈದೋ ಮರಿ ಹಾಕಿದರೆ, ಬಲಿತ ಹೆಣ್ಣು 20ರಿಂದ 60, ಕೆಲವೊಮ್ಮೆ ನೂರು ದಾಟಿಸುವುದೂ ಉಂಟು. 28 ದಿನಕ್ಕೊಮ್ಮೆ 30 ಮರಿಯಂತೆ ಎಣಿಸಿದರೂ ಒಂದು ಹೆಣ್ಣಿನಿಂದ ವರ್ಷಕ್ಕೆ 390 ಮರಿ.

ಹೆಣ್ಣಿನ ಒಂದು ಶಕ್ತಿಯನ್ನು ಹೊಸಬರು ತಿಳಿದಿರಬೇಕು. ಒಮ್ಮೆ ಪಡೆದ ಬೀಜವನ್ನು ಅದು ತಿಂಗಳುಗಟ್ಟಲೆ ಒಡಲಲ್ಲೇ ಕೂಡಿಟ್ಟುಕೊಳ್ಳಬಲ್ಲದು. ಗಂಡಿಲ್ಲದ ತೊಟ್ಟಿಯಲ್ಲಿ ಮರಿ ಕಂಡು ಬೆರಗಾದವರು ಅಂಗಡಿಯಿಂದ ತಂದ ಹೆಣ್ಣು ಅಲ್ಲಿಯೇ ಬಸಿರಾಗಿ ಬಂದಿತ್ತೆಂದು ತಿಳಿಯಬೇಕು.

ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ ಕಾಣುವ ಕಪ್ಪು ಕಲೆ ಬಸಿರಿನ ಗುರುತು. ದಿನ ತುಂಬಿದಂತೆ ಕಲೆ ಹಿಗ್ಗಿ ಗಾಢವಾಗುತ್ತದೆ, ತಿಳಿ ಬಣ್ಣದ ಹೆಣ್ಣಾದರೆ ಒಳಗಿನ ಮರಿಗಳ ಕಣ್ಣುಗಳೇ ಚುಕ್ಕಿಗಳಾಗಿ ಕಾಣುತ್ತವೆ. ಹೊಟ್ಟೆ ದುಂಡಗಿದ್ದದ್ದು ಗಂಟಲ ಕೆಳಗೆ ಚೌಕಾಕಾರಕ್ಕೆ ತಿರುಗುತ್ತದೆ. ಹೆಣ್ಣು ಮೂಲೆ ಸೇರುತ್ತದೆ, ತಿಂಡಿ ಬಿಡುತ್ತದೆ, ಹಿಂದೆ ಬರುವ ಗಂಡನ್ನು ಅಟ್ಟುತ್ತದೆ. ಆಮೇಲೆ ಒಂದೆರಡು ದಿನದಲ್ಲಿ ಹೆರಿಗೆ. ಒಂದೊಂದಾಗಿ, ಸುರುಳಿ ಸುತ್ತಿಕೊಂಡು ಹೊರಬೀಳುವ ಮರಿ ಕ್ಷಣದಲ್ಲಿ ಬಿಚ್ಚಿಕೊಂಡು ಈಜುತ್ತದೆ. ಎಲ್ಲ ಮುಗಿಯಲು ಕೆಲವು ಗಂಟೆ ಬೇಕು.

ತಾಯಿಯಿಂದ ಮರಿಯನ್ನು ಕಾಯುವುದು

ಹುಟ್ಟುವಾಗ ಮರಿ 6ರಿಂದ 8 ಮಿಲಿಮೀಟರ್. ತಾಯಿಗೆ ಅದು ತನ್ನದೆಂಬ ಗುರುತಿಲ್ಲ, ಬಾಯಿಗೆ ಹಿಡಿಯುವ ಗಾತ್ರದ ಯಾವುದು ಚಲಿಸಿದರೂ ಅದು ಆಹಾರ. ಇದನ್ನು ಕ್ರೌರ್ಯವೆಂದು ನೋಡಬೇಕಿಲ್ಲ. ಹರಿಯುವ ತೊರೆಯಲ್ಲಿ ಹುಟ್ಟಿದ ಮರಿ ನಿಮಿಷದಲ್ಲಿ ದಡದ ಹುಲ್ಲಿನ ಬುಡ ಸೇರಿ ತಾಯಿಯಿಂದ ದೂರವಾಗುತ್ತದೆ; ನಾಲ್ಕು ಗಾಜಿನ ಗೋಡೆಯೊಳಗೆ ಓಡಲು ಜಾಗವಿಲ್ಲ. ಟ್ರಿನಿಡಾಡ್‌ನ ತೊರೆಗಳಲ್ಲಿ ಡೇವಿಡ್ ರೆಜ್ನಿಕ್ ಮತ್ತು ಸಂಗಡಿಗರು ಕಂಡುಕೊಂಡದ್ದೂ ಇಲ್ಲಿ ನೆನೆಯಬೇಕಾದ ಸಂಗತಿ. ಬೇಟೆ ಮೀನು ಹೆಚ್ಚಿರುವ ತೊರೆಯ ಗಪ್ಪಿ ಬೇಗ ಪ್ರಾಯಕ್ಕೆ ಬಂದು, ಸಣ್ಣ ಗಾತ್ರದ ಹೆಚ್ಚು ಮರಿ ಹಾಕುತ್ತದೆ. ಬೇಟೆಗಾರರು ಕಡಿಮೆ ಇರುವಲ್ಲಿ ತಡವಾಗಿ, ದೊಡ್ಡ ಗಾತ್ರದ ಕೆಲವೇ ಮರಿ ಹಾಕುತ್ತದೆ. ಇಷ್ಟೊಂದು ಮರಿ ಹಾಕುವ ಜಾತಿಯ ಲೆಕ್ಕದಲ್ಲೇ ಸಾವು ಸೇರಿದೆ. ನಾವು ಮಾಡುವುದು ಆ ಲೆಕ್ಕವನ್ನು ನಮ್ಮ ತೊಟ್ಟಿಯ ಮಟ್ಟಿಗೆ ತಿದ್ದುವ ಕೆಲಸ.

ಹಸಿವು ಮತ್ತು ಒತ್ತೊತ್ತಾಗಿರುವುದು ಮರಿ ತಿನ್ನುವ ಚಾಳಿಯನ್ನು ಹೆಚ್ಚಿಸುತ್ತವೆ. ಆದ್ದರಿಂದ ಮೊದಲ ರಕ್ಷಣೆ ತಾಯಿಗೆ ಹೊಟ್ಟೆತುಂಬ ಊಟ. ಹೆರಿಗೆಯ ದಿನಗಳಲ್ಲಿ ಸೊಳ್ಳೆಮರಿಯಂಥ ಜೀವಂತ ಆಹಾರ ಸಿಕ್ಕ ಹೆಣ್ಣು ಮರಿಗಳ ಕಡೆ ಅಷ್ಟಾಗಿ ನುಗ್ಗುವುದಿಲ್ಲ.

ಎರಡನೆಯದು, ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ದೊಡ್ಡದು, ಗಿಡ. ದಟ್ಟವಾದ ನೀರುಗಿಡ ಇರುವ ತೊಟ್ಟಿಯಲ್ಲಿ ಯಾವ ಉಪಕರಣವೂ ಇಲ್ಲದೆ ಅನೇಕ ಮರಿಗಳು ಉಳಿಯುತ್ತವೆ. ಜಾವಾ ಮಾಸ್, ಹಾರ್ನ್‌ವರ್ಟ್, ಗಪ್ಪಿ ಗ್ರಾಸ್ ಎಂದು ಅಂಗಡಿಯಲ್ಲಿ ಸಿಗುವವು ಒಳ್ಳೆಯವು. ದುಡ್ಡು ಕೊಡಲಾಗದವರಿಗೆ ಕೆರೆಗಳಲ್ಲಿ ಹೇರಳವಾಗಿ ಬೆಳೆಯುವ ಹೈಡ್ರಿಲ್ಲಾ ಸಾಕು. ನೀರಿನ ಮೇಲೆ ತೇಲುವ ಅಂತರಗಂಗೆಯ ಬೇರುಗಳು ಕೆಳಗೆ ಇಳಿಬಿದ್ದು ಜಾಲರಿ ಕಟ್ಟುತ್ತವೆ. ಹುಟ್ಟಿದ ಮರಿ ಮೊದಲು ಮೇಲ್ಮೈಗೆ ಏರುವುದರಿಂದ ಆ ಬೇರಿನ ನಡುವೆಯೇ ಅದಕ್ಕೆ ನೆಲೆ ಸಿಗುತ್ತದೆ. ಬೇರಿನಲ್ಲಿ ಹುಟ್ಟುವ ಸೂಕ್ಷ್ಮಜೀವಿಗಳು ಮರಿಯ ಮೊದಲ ಊಟವೂ ಆಗುತ್ತವೆ. ಕೆರೆಯಿಂದ ತಂದ ಗಿಡವನ್ನು ಮಾತ್ರ ಹಾಗೇ ಹಾಕಬಾರದು. ತಿಳಿ ಗುಲಾಬಿ ಬಣ್ಣಕ್ಕೆ ಕಲಸಿದ ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ಚೆನ್ನಾಗಿ ಜಾಲಿಸಿ, ಎಲೆ ಎಲೆಯನ್ನೂ ಕಣ್ಣಿಟ್ಟು ನೋಡಬೇಕು. ಏರೋಪ್ಲೇನ್ ಚಿಟ್ಟೆಯ ನೀರಿನ ಮರಿ ಒಂದೇ ಒಂದು ಒಳಗೆ ಸೇರಿದರೂ ದಿನಕ್ಕೆ ಹಲವು ಗಪ್ಪಿ ಮರಿಗಳನ್ನು ಹಿಡಿದು ತಿನ್ನುತ್ತದೆ. ತಾಯಿಯಿಂದ ಉಳಿಸಿದ್ದನ್ನು ಇದಕ್ಕೆ ಒಪ್ಪಿಸಿದಂತಾಗುತ್ತದೆ. ಹೊರಗಿನ ತೊಟ್ಟಿಗೆ ಬಲೆ ಮುಚ್ಚಬೇಕಾದದ್ದೂ ಈ ಚಿಟ್ಟೆ ಬಂದು ಮೊಟ್ಟೆಯಿಡದಿರಲೆಂದು. ಮಿಂಚುಳ್ಳಿ, ಕಪ್ಪೆಗಳಿಂದಲೂ ಅದೇ ಬಲೆ ಕಾಯುತ್ತದೆ.

ಮೂರನೆಯದು ಅಂಗಡಿಯ ಬ್ರೀಡಿಂಗ್ ಬಾಕ್ಸ್. ಒಳಗೆ ಸೀಳುಗಳುಳ್ಳ ತಳ, ಅದರ ಮೂಲಕ ಮರಿ ಕೆಳಗಿನ ಅಂಕಣಕ್ಕೆ ಜಾರಿ ತಾಯಿಗೆ ಸಿಗದಂತಾಗುತ್ತದೆ. ಉಪಾಯ ಸರಿ, ಬಳಕೆ ಹೆಚ್ಚಿನ ಮನೆಗಳಲ್ಲಿ ತಪ್ಪು. ಅಂಗೈಯಗಲದ ಪೆಟ್ಟಿಗೆಯಲ್ಲಿ ಬಸುರಿಯನ್ನು ವಾರಗಟ್ಟಲೆ ಕೂಡಿಹಾಕಿದರೆ ಅದು ಹೆದರಿ ದಿನ ತುಂಬುವ ಮೊದಲೇ ಹಾಕುತ್ತದೆ. ಹೊಟ್ಟೆಯಲ್ಲಿ ಹಳದಿ ಚೀಲ ಇನ್ನೂ ಉಳಿದಿರುವ ಅಂಥ ಮರಿಗಳಲ್ಲಿ ಬದುಕುವವು ಕಡಿಮೆ. ಪೆಟ್ಟಿಗೆ ಬಳಸುವುದಾದರೆ ಕೊನೆಯ ಒಂದೆರಡು ದಿನ ಮಾತ್ರ, ಬಲೆಯಿಂದ ಎತ್ತದೆ ಲೋಟದಲ್ಲಿ ನೀರಿನ ಸಮೇತ ಸಾಗಿಸಿ, ಒಳಗೆ ಒಂದು ಹಿಡಿ ಗಿಡ ಹಾಕಿ ಬಳಸಬೇಕು. ಹೆರಿಗೆಯಾದ ತಾಯಿಯನ್ನು ಕೂಡಲೇ ಗಂಡುಗಳ ನಡುವೆ ಬಿಡುವುದೂ ಒಳ್ಳೆಯದಲ್ಲ. ಹೆತ್ತ ಹೊತ್ತಿನಲ್ಲೇ ಗಂಡುಗಳು ಅದನ್ನು ಮುತ್ತುತ್ತವೆ. ಒಂದು ದಿನ ಬೇರೆ ಇಟ್ಟು, ತಿನ್ನಿಸಿ, ಆಮೇಲೆ ಬಿಡಬೇಕು.

ಹೆಚ್ಚು ಹೆಣ್ಣುಗಳಿಂದ ಒಟ್ಟಿಗೆ ಮರಿ ಪಡೆಯುವವರು ಹಾಪಾ ಬಳಸುತ್ತಾರೆ. ಇದು ತೊಟ್ಟಿಯೊಳಗೆ ಇಳಿಬಿಟ್ಟ ಬಲೆಯ ಚೀಲ. ಸುಮಾರು 4 ಮಿಲಿಮೀಟರ್ ಕಣ್ಣಿನ ಬಲೆಯೊಳಗೆ ತಾಯಂದಿರು, ಹೊರಗೆ ಮರಿಗಳು. ಮನೆಯಲ್ಲಿ ತೂತುಗಳುಳ್ಳ ಪ್ಲಾಸ್ಟಿಕ್ ತರಕಾರಿ ಬುಟ್ಟಿಯನ್ನು ದೊಡ್ಡ ಟಬ್ಬಿನಲ್ಲಿ ಮುಳುಗಿಸಿಟ್ಟರೂ ಕೆಲಸ ನಡೆಯುತ್ತದೆ. ಬುಟ್ಟಿಯ ಹೊರಗೆ ಗಿಡ ತುಂಬಿಸಿದರೆ ಮರಿ ತಿರುಗಿ ಒಳಗೆ ಹೋಗುವುದಿಲ್ಲ.

ಒಂದೂಕಾಲು ಸೆಂಟಿಮೀಟರ್ ದಾಟಿದ ಮರಿ ತಾಯಿಯ ಬಾಯಿಗೆ ಹಿಡಿಯುವುದಿಲ್ಲ. ಚೆನ್ನಾಗಿ ತಿಂದರೆ ಅಷ್ಟಾಗಲು ಮೂರು ನಾಲ್ಕು ವಾರ.

ಮರಿಯ ಊಟ

ಗಪ್ಪಿ ಮರಿ ಹುಟ್ಟಿದ ದಿನವೇ ಬಾಯಿ ಬಿಟ್ಟು ತಿನ್ನುತ್ತದೆ. ಹೊಟ್ಟೆ ಚಿಕ್ಕದು, ಹಸಿವು ದೊಡ್ಡದು. ದಿನಕ್ಕೆ ಮೂರು ನಾಲ್ಕು ಸಲ, ಐದು ನಿಮಿಷದಲ್ಲಿ ಮುಗಿಯುವಷ್ಟು ಹಾಕಬೇಕು. ಅತ್ಯುತ್ತಮವಾದದ್ದು ಆಗತಾನೇ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಉಪ್ಪುನೀರಿನ ಸಣ್ಣ ಸಿಗಡಿ. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಅಯೋಡಿನ್ ಇಲ್ಲದ ಕಲ್ಲುಪ್ಪು ಕರಗಿಸಿ, ಮೊಟ್ಟೆ ಹಾಕಿ, ಏರ್ ಪಂಪಿನ ಕೊಳವೆ ಬಿಟ್ಟರೆ 28 ಡಿಗ್ರಿ ಶಾಖದಲ್ಲಿ ಸುಮಾರು 24 ಗಂಟೆಗೆ ಒಡೆಯುತ್ತದೆ. ಸಿಹಿನೀರಿನಲ್ಲಿ ಜಾಲಿಸಿ ಹಾಕಬೇಕು. ಇದನ್ನು ತಿಂದ ಮರಿ ವಾರದಲ್ಲೇ ಬೇರೆ ಮರಿಗಳಿಗಿಂತ ಎದ್ದು ಕಾಣುತ್ತದೆ. ಅದಿಲ್ಲದಿದ್ದರೆ ನೀರಚಿಗಟ, ಇಲ್ಲವೇ ಬೆಳೆದ ಮೀನಿನ ಒಣ ತಿಂಡಿಯನ್ನೇ ಬೆರಳಲ್ಲಿ ಹಿಟ್ಟು ಮಾಡಿ ಉದುರಿಸಬಹುದು. ಬೇಯಿಸಿದ ಮೊಟ್ಟೆಯ ಹಳದಿ ಎಲ್ಲರೂ ಹೇಳುವ ಉಪಾಯ. ಆದರೆ ಕಾಳಿನಷ್ಟು ಹೆಚ್ಚಾದರೂ ನೀರು ಹಾಲಾಗಿ ಅಮೋನಿಯಾ ಏರುವುದರಿಂದ ಬೋರ್‌ವೆಲ್ ನೀರಿನ ತೊಟ್ಟಿಗೆ ಅದನ್ನು ಬಿಡುವುದೇ ಲೇಸು.

ಈ ಸೀಮೆಗೇ ವಿಶೇಷವಾದ ಒಂದು ಆಹಾರವಿದೆ. ಚರಕ, ಕಾಟೇಜ್ ಬೇಸಿನ್‌ಗಳಲ್ಲಿ ಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ಪ್ಯೂಪಾ. ಒಣಗಿದ ಪ್ಯೂಪಾದಲ್ಲಿ ಸುಮಾರು ಅರ್ಧ ಭಾಗ ಪ್ರೋಟೀನ್, ಕಾಲು ಭಾಗದಷ್ಟು ಎಣ್ಣೆ. ಮೀನು, ಕೋಳಿಗಳ ತಿಂಡಿ ತಯಾರಿಕೆಯಲ್ಲಿ ಇದು ಬಹಳ ಹಿಂದಿನಿಂದ ಬಳಕೆಯಲ್ಲಿದೆ. ಎಣ್ಣೆಯೇ ಇದರ ತೊಡಕು. ಬೇಗ ಮುಗ್ಗಲು ಹಿಡಿಯುತ್ತದೆ, ನೀರಿನ ಮೇಲೆ ಪೊರೆ ಕಟ್ಟುತ್ತದೆ. ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಸಾಧ್ಯವಾದರೆ ಎಣ್ಣೆ ತೆಗೆಸಿದ್ದನ್ನು ಪುಡಿ ಮಾಡಿ, ಅಕ್ಕಿ ತೌಡು, ಕಡಲೆಕಾಯಿ ಹಿಂಡಿಯ ಜೊತೆ ಸ್ವಲ್ಪ ಬೆರೆಸಿ ಬೆಳೆದ ಗಪ್ಪಿಗೂ ತಿಂಗಳು ಕಳೆದ ಮರಿಗೂ ಕೊಡಬಹುದು. ಎಳೆಯ ಮರಿಗೆ ಬೇಡ.

ದಿನ ಬಿಟ್ಟು ದಿನ ಮರಿತೊಟ್ಟಿಯ ತಳದ ಕೊಳೆಯನ್ನು ಸಣ್ಣ ಕೊಳವೆಯಿಂದ ಎಳೆದು, ವಾರಕ್ಕೆ ಕಾಲು ಭಾಗ ನೀರು ಬದಲಿಸಬೇಕು. ಹೊಸ ನೀರಿನ ಶಾಖ ಹಳೆಯದಕ್ಕೆ ಸಮನಾಗಿರಲಿ.

ತಳಿ ಕಾಯುವುದು

ರೆಡ್ ಟೇಲ್, ಕೋಬ್ರಾ, ಮೊಸಾಯಿಕ್, ಟುಕ್ಸೆಡೊ, ಮಾಸ್ಕೊ ಬ್ಲೂ, ಡಂಬೊ ಇಯರ್ ಎಂಬ ಹೆಸರುಗಳಲ್ಲಿ ಮಾರಾಟವಾಗುವ ಗಪ್ಪಿಗಳೆಲ್ಲ ಒಂದೇ ಜಾತಿಯ ಆಯ್ದ ತಳಿಗಳು. ಬೆಂಗಳೂರಿನ ಅಂಗಡಿಗಳಿಗೂ ಚೆನ್ನೈನ ಕೊಳತ್ತೂರಿನ ಸಗಟು ಮಾರುಕಟ್ಟೆಗೂ ಇವು ಬೇಡಿಕೆಯ ಮೀನು. ಎರಡು ತಳಿ ಬೆರೆತ ತೊಟ್ಟಿಯಲ್ಲಿ ಕೆಲವೇ ತಲೆಮಾರಿನಲ್ಲಿ ಬಣ್ಣ ಕಲಸಿಹೋಗುತ್ತದೆ.

ಗಂಡಿನ ಕೆಲವು ಬಣ್ಣಗುರುತುಗಳು ತಂದೆಯಿಂದ ಗಂಡುಮಕ್ಕಳಿಗೆ ಮಾತ್ರ ಇಳಿಯುತ್ತವೆ ಎಂಬುದನ್ನು ಡೆನ್ಮಾರ್ಕಿನ ಯೋಹಾನೆಸ್ ಸ್ಮಿತ್ 1920ರಲ್ಲಿ ತೋರಿಸಿದ. ಅದೇ ದೇಶದ ಓಯ್ವಿಂಡ್ ವಿಂಗೆ ಆ ದಶಕದಲ್ಲಿ ಅದನ್ನು ವೈ ವರ್ಣತಂತುವಿಗೆ ಜೋಡಿಸಿ ವಿವರಿಸಿದ. ತಳಿಶಾಸ್ತ್ರದ ಇತಿಹಾಸದಲ್ಲಿ ಗಪ್ಪಿಗೆ ದೊಡ್ಡ ಜಾಗ ಸಿಕ್ಕಿದ್ದು ಈ ಕೆಲಸದಿಂದ. ಸಾಕುವವರಿಗೆ ಇದರಿಂದ ತಿಳಿಯುವುದು ಇಷ್ಟು: ಒಳ್ಳೆಯ ಗಂಡನ್ನು ಆರಿಸಿದರೆ ಅರ್ಧ ಕೆಲಸ ಆಯಿತು, ಹೆಣ್ಣನ್ನು ಅದೇ ತಳಿಯಿಂದ ಕನ್ನೆಯಾಗಿರುವಾಗಲೇ ಬೇರ್ಪಡಿಸಿದರೆ ಉಳಿದರ್ಧ. ಮೂರು ನಾಲ್ಕು ವಾರದ ಹೊತ್ತಿಗೆ ಹೊಟ್ಟೆಯಡಿಯ ರೆಕ್ಕೆ ಚೂಪಾಗತೊಡಗಿದವು ಗಂಡು, ತ್ರಿಕೋನವಾಗಿ ಉಳಿದು ಕಲೆ ಮೂಡುತ್ತಿರುವವು ಹೆಣ್ಣು. ಆಗಲೇ ಬೇರೆ ಮಾಡಬೇಕು. ಗಂಡು ಎರಡು ತಿಂಗಳೊಳಗೇ ಪ್ರಾಯಕ್ಕೆ ಬರುತ್ತದೆ, ಹೆಣ್ಣಿಗೆ ಮೂರು ತಿಂಗಳಾದರೂ ತುಂಬಿದ ಮೇಲೆ ಜೋಡಿ ಮಾಡುವುದು ಒಳ್ಳೆಯದು. ಬೆನ್ನು ಬಾಗಿದ, ಸರಿಯಾಗಿ ಈಜದ ಮರಿಯನ್ನು ತಳಿಗೆ ಉಳಿಸಿಕೊಳ್ಳಬಾರದು. ಹಲವು ತಲೆಮಾರು ಒಂದೇ ಸಂಸಾರದಲ್ಲಿ ಜೋಡಿ ಮಾಡಿದರೆ ಮರಿ ಕಡಿಮೆಯಾಗಿ, ಸೊರಗಿದ ಮೀನು ಹೆಚ್ಚುತ್ತವೆ. ಆಗ ಅದೇ ತಳಿಯ ಹೊರಗಿನ ಗಂಡು ತರಬೇಕು.

ಹೊಸದಾಗಿ ತಂದ ಯಾವ ಮೀನನ್ನೂ ಎರಡು ವಾರ ಬೇರೆ ಇಟ್ಟು ನೋಡದೆ ಕೂಡಿಸಬಾರದು. ಹಿಂಭಾಗದಿಂದ ಕೆಂಪು ದಾರದಂತೆ ಹೊರಚಾಚುವ ಕ್ಯಾಮಲನಸ್ ಹುಳು, ಬಿಳಿ ಚುಕ್ಕೆ, ಬಾಯಿ ಮತ್ತು ಬಾಲ ಕೊಳೆಯುವ ಬ್ಯಾಕ್ಟೀರಿಯಾ ರೋಗಗಳು ಹೀಗೆಯೇ ಬರುತ್ತವೆ. ಮೊದಲ ಲಕ್ಷಣದಲ್ಲಿ ಲೀಟರಿಗೆ ಒಂದೆರಡು ಗ್ರಾಂ ಕಲ್ಲುಪ್ಪು ಗಪ್ಪಿಗೆ ಹಾನಿಯಿಲ್ಲದ ಮದ್ದು. ಹೊಟ್ಟೆಹುಳುವಿಗೆ ಮಾತ್ರ ಉಪ್ಪು ನಾಟುವುದಿಲ್ಲ, ಔಷಧಿಯೇ ಬೇಕು.

ರೇಷ್ಮೆ ಮನೆಯಲ್ಲಿ ಎಚ್ಚರ

ಹುಳುಮನೆಯನ್ನು ಪ್ರತಿ ಬೆಳೆಯ ಮುಂಚೆ ಬ್ಲೀಚಿಂಗ್ ಪೌಡರ್, ಫಾರ್ಮಾಲಿನ್, ಸುಣ್ಣಗಳಿಂದ ಸೋಂಕು ತೊಳೆಯುತ್ತಾರೆ. ಇವೆಲ್ಲ ಮೀನಿಗೆ ವಿಷ. ತಟ್ಟೆ ತೊಳೆದ ನೀರು ಹರಿಯುವ ಕಡೆ, ಪುಡಿ ಹಾರುವ ದೂರದಲ್ಲಿ ಮೀನಿನ ತೊಟ್ಟಿ ಇರಕೂಡದು. ಬ್ಲೀಚಿಂಗ್ ಪೌಡರ್ ಮುಟ್ಟಿದ ಕೈಯನ್ನು, ಹಿಪ್ಪುನೇರಳೆ ತೋಟಕ್ಕೆ ಔಷಧಿ ಹೊಡೆದ ಕೈಯನ್ನು ಚೆನ್ನಾಗಿ ತೊಳೆಯದೆ ತೊಟ್ಟಿಗೆ ಹಾಕಬಾರದು. ಹುಳುಮನೆಗೆ ಬಳಸುವ ಬಕೆಟ್, ಮೀನಿಗೆ ಬಳಸುವ ಬಕೆಟ್ ಬೇರೆ ಬೇರೆ ಇರಲಿ. ಚನ್ನಪಟ್ಟಣದ ಮನೆಗಳಲ್ಲಿ ಬಣ್ಣ ಬಳಿದ ಬೊಂಬೆ, ಮರದ ತುಂಡುಗಳನ್ನು ಅಂದಕ್ಕೆಂದು ತೊಟ್ಟಿಯಲ್ಲಿ ಇಡುವುದೂ ಬೇಡ. ಅರಗು ಮತ್ತು ಆಲೆ ಮರ ನೀರಿನಲ್ಲಿ ನೆನೆಯಲು ಮಾಡಿದ್ದಲ್ಲ.

ಹೆಚ್ಚಾದ ಮರಿ

ಮರಿ ಉಳಿಸಲು ಕಲಿತ ಮನೆಯಲ್ಲಿ ಆರು ತಿಂಗಳಲ್ಲಿ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಇಷ್ಟನ್ನು ಏನು ಮಾಡುವುದು? ಪುಣ್ಯದ ಕೆಲಸವೆಂದು ಹತ್ತಿರದ ಕೆರೆಗೆ ಸುರಿಯುವುದು ಸಾಮಾನ್ಯ. ಇದು ಆಗಬಾರದ ಕೆಲಸ. ಮಂಚನಬೆಲೆ ಜಲಾಶಯದ ನೀರು ಅರ್ಕಾವತಿಯದು, ಕಣ್ವ ಜಲಾಶಯದ ನೀರು ಶಿಂಷಾ ಸೇರುವ ಹೊಳೆಯದು. ಅರ್ಕಾವತಿ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಮಾಗಡಿಯ ಒಂದು ಕೆರೆಗೆ ಬಿಟ್ಟ ಗಪ್ಪಿ ಕೋಡಿ ಬಿದ್ದ ಮಳೆಗಾಲದಲ್ಲಿ ಕಾವೇರಿ ವನ್ಯಧಾಮದ ನೀರಿಗೆ ಇಳಿಯುವ ದಾರಿ ತೆರೆದೇ ಇದೆ. ಪಶ್ಚಿಮ ಘಟ್ಟದ ತೊರೆಗಳೂ ಸೇರಿದಂತೆ ದೇಶದ ಹಲವು ಕಡೆ ಗಪ್ಪಿ ಈಗಾಗಲೇ ನೆಲೆಯೂರಿದೆ. ಅದು ಸೊಳ್ಳೆಮರಿಯನ್ನಷ್ಟೇ ತಿನ್ನುವುದಿಲ್ಲ. ಸ್ಥಳೀಯ ಮೀನುಗಳ ಮೊಟ್ಟೆ, ಮರಿಗಳೂ ಅದಕ್ಕೆ ಆಹಾರ. ತಲೆಯ ಮೇಲೆ ಬೆಳ್ಳಿಚುಕ್ಕಿ ಹೊತ್ತ ಅಪ್ಲೊಕೈಲಸ್, ಸಣ್ಣ ಗೆಂಡೆಗಳು ನಮ್ಮ ಕೆರೆಗಳಲ್ಲಿ ಸೊಳ್ಳೆಮರಿ ತಿನ್ನುವ ಕೆಲಸವನ್ನು ಮೊದಲಿನಿಂದಲೂ ಮಾಡಿಕೊಂಡು ಬಂದಿವೆ. ಕೆರೆಗೆ ಬೇಕಾದದ್ದು ಅವು.

ಗಪ್ಪಿಯ ಜಾಗ ಗೋಡೆಯಿರುವ ನೀರು: ಮನೆಯ ತೊಟ್ಟಿ, ಸಂಪು, ದನದ ನೀರಿನ ಬಾನಿ, ಹೊರಹರಿವಿಲ್ಲದ ಹಳೆಯ ಬಾವಿ. ಡೆಂಗಿ ಕಾಲದಲ್ಲಿ ಆರೋಗ್ಯ ಇಲಾಖೆಯೇ ಲಾರ್ವಾಹಾರಿ ಮೀನು ಹಂಚುತ್ತದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಮಾರುವ ಉದ್ದೇಶವಿದ್ದವರಿಗೆ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಿಲ ಅಲಂಕಾರಿಕ ಮೀನು ಸಾಕಣೆಗೆ 3 ಲಕ್ಷ ರೂಪಾಯಿ ಘಟಕ ವೆಚ್ಚ ನಿಗದಿಯಾಗಿತ್ತು, ಸಾಮಾನ್ಯ ವರ್ಗಕ್ಕೆ ಅದರ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60 ಸಹಾಯಧನ. ಇಂಥ ನೆರವಿನ ವಿವರಕ್ಕೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಬೇಕು.

ಮನೆಯಲ್ಲಿ ಹೆಚ್ಚಾದ ಮರಿಗಳನ್ನು ಕೆರೆಗೆ ಒಯ್ಯುವ ಬದಲು ನೆರೆಮನೆಯ ಸಂಪಿಗೆ, ಊರಿನ ಶಾಲೆಯ ತೊಟ್ಟಿಗೆ ಕೊಡಿ, ಇಲ್ಲವೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಆಶಾ ಕಾರ್ಯಕರ್ತೆಯನ್ನು ಕೇಳಿ. ಕೊಡುವಾಗ ಒಂದು ಹಿಡಿ ಗಿಡವನ್ನೂ ಜೊತೆಗೆ ಕೊಡಿ.